ಒಲೆ ಹೊತ್ತಿಸುವ ಮೇಣದ ಗಟ್ಟಿ

ತೀರ್ಥರೂಪರಾದ ತಂದೆಯವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಉಭಯ ಕುಶಲೋಪರಿ.

ಕಳೆದ ವಾರ ಫೋನಿನಲ್ಲಿ ಮಾತನಾಡುವಾಗ, ನಾನು ಸೌದೆ ಒಲೆಯನ್ನು ಮೇಣದ ಗಟ್ಟಿಯಿಟ್ಟು ಹೊತ್ತಿಸುತ್ತೇನೆ ಎಂದದ್ದಕ್ಕೆ ನೀವು ಜೋರಾಗಿ ನಕ್ಕು, “ಬೆಂಕಿ ಹಚ್ಚುವುದಕ್ಕೂ ಅಂಗಡಿಯ ಸಾಮಾನು ಬೇಕಾಯಿತೇನಮ್ಮ?” ಎಂದು ಕೇಳಿದಿರಿ. ನಾನು ಉತ್ತರ ಹೇಳುವಷ್ಟರಲ್ಲಿ ಕರೆ ಕಡಿದುಹೋಯಿತು. ಫೋನಿನಲ್ಲಿ ಹೇಳಿ ಮುಗಿಸುವಂಥ ವಿಷಯವೂ ಇದಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ, ಮೊದಲ ತಿಂಗಳು ನನ್ನ ಅಭಿಪ್ರಾಯವೂ ನಿಮ್ಮದೇ ಆಗಿತ್ತು. ಇಂಥ ಗಟ್ಟಿಗಳಿಗೆ ಇಲ್ಲಿ ಫೈರ್‌ಸ್ಟಾರ್ಟರ್ ಎನ್ನುತ್ತಾರೆ. ಈ ಬಾಡಿಗೆ ಮನೆಗೆ ಬಂದಾಗ ಒಲೆಯ ಪಕ್ಕದಲ್ಲೇ ಅದರ ಒಂದು ಡಬ್ಬಿ ಇತ್ತು. ಬೆಂಕಿ ಹಚ್ಚಲು ಬಾರದವರ ಸಾಮಾನು ಎಂದು ಅದನ್ನು ಕಪಾಟಿನೊಳಗೆ ತಳ್ಳಿಬಿಟ್ಟಿದ್ದೆ.

ಆ ಜಂಬ ಇಳಿದದ್ದು ಮೊದಲ ಚಳಿಯ ಸಂಜೆ. ಈ ಒಲೆ ಎಂದರೆ ಎರಕದ ಕಬ್ಬಿಣದ ಮುಚ್ಚಿದ ಪೆಟ್ಟಿಗೆ. ಮುಂದೆ ಗಾಜಿನ ಬಾಗಿಲು, ಮೇಲಿನಿಂದ ಛಾವಣಿಯಾಚೆಗೆ ಹೋಗುವ ಹೊಗೆಕೊಳವೆ, ಕೆಳಗೆ ಗಾಳಿಯನ್ನು ಹೆಚ್ಚು ಕಡಿಮೆ ಮಾಡಲು ಒಂದು ಸರಿಸುವ ಪಟ್ಟಿ. ಊದುಗೊಳವೆ ತೂರಿಸಲು ಜಾಗವೇ ಇಲ್ಲ. ನಾನು ಹಳೆಯ ಪತ್ರಿಕೆಗಳನ್ನು ಮುದುರಿ ಒಳಗಿಟ್ಟು, ಮೇಲೊಂದಿಷ್ಟು ಪುರಲೆ ಹರಡಿ, ಅದರ ಮೇಲೆ ದಪ್ಪನೆಯ ಎರಡು ಸೀಳುಗಳನ್ನು ಹೇರಿ, ಕಡ್ಡಿ ಗೀರಿ ಬಾಗಿಲು ಮುಚ್ಚಿದೆ. ಕಾಗದವೇನೋ ಭಗ್ಗೆಂದು ಹತ್ತಿಕೊಂಡಿತು, ಆದರೆ ಒಂದು ನಿಮಿಷದಲ್ಲಿ ಕರಿ ಹಾಳೆಯಾಗಿ ಕುಸಿಯಿತು. ಮೇಲೇರಬೇಕಾದ ಹೊಗೆ ಗಾಜಿನ ಒಳಮೈಯ ಮೇಲೆ ನಿಧಾನವಾಗಿ ಕೆಳಕ್ಕೆ ಜಾರತೊಡಗಿತು. ಏನಾಯಿತೆಂದು ನೋಡಲು ಬಾಗಿಲು ತೆರೆದೆನೋ ಇಲ್ಲವೋ, ಅಷ್ಟೂ ಹೊಗೆ ನನ್ನ ಮುಖಕ್ಕೇ ನುಗ್ಗಿ, ಛಾವಣಿಗೆ ಅಂಟಿಸಿದ್ದ ಹೊಗೆಯ ಅಲಾರಂ ಕಿರುಚಿಕೊಂಡಿತು. ಅಂದು ಹನ್ನೆರಡು ಕಡ್ಡಿ ಖರ್ಚಾದವು, ಒಲೆ ಹೊತ್ತಲಿಲ್ಲ.

ತಪ್ಪು ಸೌದೆಯದಿರಬೇಕೆಂದು ಮರುದಿನ ತೇವ ಅಳೆಯುವ ಪುಟ್ಟ ಯಂತ್ರದಿಂದ ಪರೀಕ್ಷಿಸಿದೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಲೆಗೆ ಹಾಕುವ ಸೌದೆಯಲ್ಲಿ ಅದು 20 ಪ್ರತಿಶತಕ್ಕಿಂತ ಕೆಳಗಿಳಿದಿರಬೇಕು. ನನ್ನ ಸೌದೆಯನ್ನು ಹೊಸದಾಗಿ ಸೀಳಿ ಒಳಮೈಗೆ ಮುಳ್ಳು ಚುಚ್ಚಿದರೆ 17 ತೋರಿಸಿತು. ಅಂದರೆ ತಪ್ಪು ಸೌದೆಯದಲ್ಲ, ಕೊಳವೆಯದು. ಬಿಸಿಯಾದ ಗಾಳಿ ಹಗುರವಾಗಿ ಕೊಳವೆಯಲ್ಲಿ ಮೇಲೇರಿದಾಗ ಮಾತ್ರ ಅದು ಕೆಳಗಿನಿಂದ ಹೊಸ ಗಾಳಿಯನ್ನು ಒಲೆಯೊಳಕ್ಕೆ ಸೆಳೆಯುತ್ತದೆ. ಇಡೀ ದಿನ ಉರಿಯದ ಕೊಳವೆಯಲ್ಲಿ ತಣ್ಣನೆಯ ಗಾಳಿ ಬಿರಡೆಯಂತೆ ಕುಳಿತಿರುತ್ತದೆ, ಕೆಲವೊಮ್ಮೆ ಮನೆಯೊಳಕ್ಕೇ ಇಳಿದು ಬರುತ್ತದೆ. ಆ ಬಿರಡೆಯನ್ನು ಮೇಲೆತ್ತಲು ಒಂದು ನಿಮಿಷದ ಕಾಗದದ ಉರಿ ಸಾಲದು. ಸೌದೆಗೂ ಅಷ್ಟು ಹೊತ್ತು ಸಾಲದು, ಏಕೆಂದರೆ ಅದರೊಳಗಿನ ನೀರು ಮೊದಲು ಆವಿಯಾಗಿ ಹೋಗಬೇಕು. ಆಮೇಲೆ ಶಾಖ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮರ ಒಡೆದು ಅನಿಲ ಬಿಡತೊಡಗುತ್ತದೆ. ನಾವು ಜ್ವಾಲೆ ಎಂದು ನೋಡುವುದು ಆ ಅನಿಲ ಉರಿಯುವುದನ್ನೇ.

ಇಷ್ಟು ತಿಳಿದ ಮೇಲೆ ಕಪಾಟಿನ ಡಬ್ಬಿ ಹೊರಗೆ ತೆಗೆದೆ. ಅದರಲ್ಲಿದ್ದದ್ದು ಮರದ ಎಳೆಗಳನ್ನು ಹಗ್ಗದಂತೆ ಹೊಸೆದು, ಸುತ್ತಿ, ಮೇಣದಲ್ಲಿ ಅದ್ದಿದ ಉಂಡೆಗಳು. ಒಂದರ ಅಂಚಿಗೆ ಕಡ್ಡಿ ತಾಗಿಸಿದರೆ ಮೊದಲು ಒಂದೆರಡು ಎಳೆಗಳು ಕೆಂಪಾಗಿ ಸುರುಳಿ ಸುತ್ತಿಕೊಳ್ಳುತ್ತವೆ. ಬಳಿಕ ಅವುಗಳ ಬುಡದ ಮೇಣ ಕರಗಿ, ಬತ್ತಿಯಲ್ಲಿ ಎಣ್ಣೆ ಏರುವಂತೆ ಎಳೆಗಳಗುಂಟ ಏರಿ, ತುದಿಯಲ್ಲಿ ಹಳದಿ ನಾಲಗೆಯಾಗಿ ನಿಲ್ಲುತ್ತದೆ. ಬರಿಯ ಮೇಣದ ತುಂಡಿಗೆ ಕಡ್ಡಿ ಹಿಡಿದರೆ ಅದು ಕರಗಿ ಸುರಿಯುತ್ತದೆಯೇ ಹೊರತು ಹೊತ್ತುವುದಿಲ್ಲ; ಬರಿಯ ಎಳೆಗಳಿಗೆ ಹಿಡಿದರೆ ಚಣದಲ್ಲಿ ಬೂದಿ. ಎರಡೂ ಸೇರಿದಾಗ ಎಂಟು ಹತ್ತು ನಿಮಿಷ ಒಂದೇ ಸಮನೆ ನಿಲ್ಲುವ ಉರಿ ಸಿಗುತ್ತದೆ. ನಾವು ಕೊಳ್ಳುವುದು ಆ ಹತ್ತು ನಿಮಿಷವನ್ನೇ, ಅಪ್ಪ. ಅಷ್ಟರಲ್ಲಿ ಕೊಳವೆ ಬೆಚ್ಚಗಾಗಿ ಸೆಳೆಯತೊಡಗುತ್ತದೆ, ಪುರಲೆಯೂ ಹತ್ತಿಕೊಳ್ಳುತ್ತದೆ.

ಅಂದಹಾಗೆ, ಇದನ್ನು ಸೋಮಾರಿಗಳ ಸಾಮಾನು ಎನ್ನುವವರಿಗೆ ಹೇಳಲು ನನ್ನಲ್ಲೊಂದು ಉತ್ತರವಿದೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ, ಸುಮಾರು 5,300 ವರ್ಷ ಹಿಂದಿನ ಓಟ್ಸಿ ಎಂಬ ಮನುಷ್ಯನ ಸೊಂಟದ ಚೀಲದಲ್ಲಿ, ಕಿಡಿ ಹಿಡಿಯುವ ಒಣ ಅಣಬೆಯೊಂದು ಇತ್ತು. ಕಾಡಿನಲ್ಲೇ ಓಡಾಡುತ್ತಿದ್ದವನು ಕೂಡ ಬೆಂಕಿಗೆ ಬೇಕಾದ ಒಣ ಸಾಮಾನನ್ನು ಸೊಂಟಕ್ಕೆ ಕಟ್ಟಿಕೊಂಡೇ ಹೊರಟಿದ್ದ!

ಇನ್ನು ಜೋಡಿಸುವ ರೀತಿ. ಇದನ್ನು ಓದಿ ನೀವು ಮತ್ತೊಮ್ಮೆ ನಗುತ್ತೀರಿ, ಏಕೆಂದರೆ ಇದು ನೀವು ಕಲಿಸಿದ್ದಕ್ಕೆ ತೀರಾ ತಿರುವುಮುರುವು. ದಪ್ಪ ಸೀಳುಗಳನ್ನು ತಳದಲ್ಲಿ, ನಡುವೆ ಗಾಳಿಯಾಡುವಂತೆ ಬೆರಳಗಲ ಬಿಟ್ಟು ಮಲಗಿಸುತ್ತೇನೆ. ಅವುಗಳ ಮೇಲೆ ಹೆಬ್ಬೆರಳ ಗಾತ್ರದ ಸಿಗುಳುಗಳನ್ನು ಅಡ್ಡಡ್ಡವಾಗಿ ಮೂರು ನಾಲ್ಕು ಸಾಲು ಪೇರಿಸಿ, ಎಲ್ಲಕ್ಕಿಂತ ಮೇಲಿನ ಸಾಲಿನ ನಡುವೆ ಉಂಡೆ ಇಟ್ಟು ಕಡ್ಡಿ ತಾಗಿಸುತ್ತೇನೆ. ಉರಿ ಮೇಲಕ್ಕೇ ಏರುವುದಲ್ಲವೇ, ಕೆಳಗಿನ ಸೌದೆ ಹತ್ತುವುದು ಹೇಗೆ ಎಂದು ನನಗೂ ಅನಿಸಿತ್ತು. ಮೇಲಿನ ಕೆಂಡ ಕೆಳಗಿನದರ ಮೇಲೆ ಉದುರುತ್ತದೆ. ಅದರ ಕಾವಿಗೆ ಕೆಳಗಿನ ಸೀಳು ಬಿಡುವ ಅನಿಲ ಮೇಲೇರುವಾಗ ಉರಿಯನ್ನು ಹಾದೇ ಹೋಗಬೇಕಾದ್ದರಿಂದ, ಹೊಗೆಯಾಗಿ ತಪ್ಪಿಸಿಕೊಳ್ಳದೆ ಅಲ್ಲೇ ಸುಟ್ಟುಹೋಗುತ್ತದೆ. ನಮ್ಮ ಹಳೆಯ ರೀತಿಯಲ್ಲಿ ಉರಿ ಕೆಳಗಿದ್ದು ತಣ್ಣನೆಯ ದಪ್ಪ ಸೌದೆ ಮೇಲಿರುವುದರಿಂದ, ಆ ಹೊಗೆಗೆ ಸುಡುವ ಅವಕಾಶವೇ ಸಿಗುವುದಿಲ್ಲ. ನನಗಂತೂ ಗಾಜಿನ ಮೇಲೆ ಮಸಿ ಕೂರುವುದು ಕಡಿಮೆಯಾದದ್ದೇ ಸಾಕಾದ ಸಾಕ್ಷಿ.

ಗಾಳಿಯ ಪಟ್ಟಿಯನ್ನು ಪೂರ್ತಿ ತೆರೆದು, ಮೊದಲ ಕೆಲವು ನಿಮಿಷ ಬಾಗಿಲನ್ನೂ ಕೊಂಚ ಓರೆಯಾಗಿ ಇಟ್ಟು ಪಕ್ಕದಲ್ಲೇ ಕೂರುತ್ತೇನೆ. ಆ ಹೊತ್ತಿನಲ್ಲಿ ಬಿಟ್ಟು ಏಳುವಂತಿಲ್ಲ. ದಪ್ಪ ಸೌದೆಯ ಅಂಚು ಹತ್ತಿಕೊಂಡ ಮೇಲೆ ಬಾಗಿಲು ಮುಚ್ಚಿ, ಪಟ್ಟಿಯನ್ನು ಹಂತಹಂತವಾಗಿ ಸರಿಸುವುದು. ಸೌದೆ ಉಳಿಸುವ ಆಸೆಯಿಂದ ಅವಸರಪಟ್ಟು ಗಾಳಿ ಕಡಿಮೆ ಮಾಡಿದರೆ ಉರಿ ಮಂಕಾಗಿ, ಅರೆಬೆಂದ ಹೊಗೆ ತಣ್ಣನೆಯ ಕೊಳವೆಯ ಗೋಡೆಗೆ ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಅದನ್ನು ಕ್ರಿಯೋಸೋಟ್ ಎನ್ನುತ್ತಾರೆ. ಅದು ದಪ್ಪಗಟ್ಟಿದಾಗ ಕಿಡಿ ತಾಗಿದರೆ ಕೊಳವೆಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಕೊಳವೆ ಗುಡಿಸಿಸಲೇಬೇಕು.

ಗಟ್ಟಿಗಳಲ್ಲಿ ಜಾತಿ ಹಲವು. ಸೀಮೆಎಣ್ಣೆಯ ವಾಸನೆಯ ಬಿಳಿ ಚೌಕಗಳು ಬೇಗ ಹೊತ್ತುತ್ತವೆ, ಆದರೆ ಕೈಗೆ ಅಂಟಿದ ವಾಸನೆ ಸೋಪು ಹಚ್ಚಿದರೂ ಬೇಗ ಬಿಡದು. ಡಬ್ಬಿ ಭದ್ರವಾಗಿ ಮುಚ್ಚದಿದ್ದರೆ ಎಣ್ಣೆ ಆರಿಹೋಗಿ ಗಟ್ಟಿ ನಿಷ್ಪ್ರಯೋಜಕವಾಗುತ್ತದೆ. ಪೈನ್ ಮರದ ಅಂಟು ತುಂಬಿದ ತಿರುಳಿನ ಸಿಗುಳುಗಳೂ ಸಿಗುತ್ತವೆ. ಅವು ಮಳೆಗೆ ನೆನೆದರೂ ಹೊತ್ತುತ್ತವೆ, ಹೊಗೆ ಮಾತ್ರ ಕಪ್ಪು. ಈಗೀಗ ನಾನೇ ಮಾಡಿಕೊಳ್ಳುವುದೂ ಉಂಟು: ರಟ್ಟಿನ ಮೊಟ್ಟೆ ಟ್ರೇಯ ಗುಳಿಗಳಲ್ಲಿ ಮರಗೆಲಸದ ಹೊಟ್ಟು ತುಂಬಿ, ಉಳಿದ ಮೇಣದಬತ್ತಿಯ ತುಂಡುಗಳನ್ನು ಕರಗಿಸಿ ಸುರಿದರೆ, ಒಂದು ಗುಳಿ ಒಂದು ದಿನಕ್ಕೆ. ಮೇಣದ ಪಾತ್ರೆಯನ್ನು ನೇರ ಉರಿಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಕರಗಿಸಬೇಕು. ಅತಿಯಾಗಿ ಕಾದ ಮೇಣದ ಆವಿಗೆ ಬೆಂಕಿ ಹತ್ತುತ್ತದೆ.

ಅಮ್ಮ ಈ ಪತ್ರ ಓದಿಸಿಕೊಂಡು ಹೆದರುವ ಮೊದಲೇ ಹೇಳಿಬಿಡುತ್ತೇನೆ: ಪೆಟ್ರೋಲು, ಸೀಮೆಎಣ್ಣೆ, ಸ್ಪಿರಿಟ್ಟು ಯಾವುದನ್ನೂ ನಾನು ಒಲೆಯ ಹತ್ತಿರಕ್ಕೆ ತರುವುದಿಲ್ಲ. ಉರಿಯುತ್ತಿರುವ ಒಲೆಗೆ ಎರಡನೆಯ ಗಟ್ಟಿ ಎಸೆಯುವುದಿಲ್ಲ. ಬಣ್ಣ, ವಾರ್ನಿಷ್ ಬಳಿದ ಮರವನ್ನು ಹಾಕುವುದಿಲ್ಲ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಪತ್ತೆ ಮಾಡುವ ಅಲಾರಂ ಅದೇ ಕೋಣೆಯಲ್ಲಿದೆ. ಬೂದಿಯೊಳಗಿನ ಕೆಂಡ ದಿನಗಟ್ಟಲೆ ಆರದೆ ಇರಬಹುದಾದ್ದರಿಂದ, ಅದನ್ನು ಮುಚ್ಚಳವಿರುವ ತಗಡಿನ ಬಕೆಟ್ಟಿಗೆ ತುಂಬಿ ಮನೆಯ ಹೊರಗೆ, ನೆಲದ ಮೇಲೆ ಇಡುತ್ತೇನೆ.

ನಿನ್ನೆ ಸಂಜೆ ಒಂದೇ ಕಡ್ಡಿಯಲ್ಲಿ ಒಲೆ ಹೊತ್ತಿತು. ಕೊಳವೆ ಗುಂಯ್ ಎಂದು ಸೆಳೆಯತೊಡಗಿದ ಸದ್ದು ಕೇಳಿದ ಮೇಲೆ ಬಾಗಿಲು ಮುಚ್ಚಿ, ಅದರೆದುರೇ ಕುಳಿತು ಈ ಪತ್ರ ಆರಂಭಿಸಿದೆ. ಡಬ್ಬಿಯಲ್ಲಿ ಇನ್ನು ಆರು ಉಂಡೆ ಉಳಿದಿವೆ. ಭಾನುವಾರ ಮೇಣ ಕರಗಿಸಬೇಕು. ಕಿರಿಯರಿಗೆ ನನ್ನ ಆಶೀರ್ವಾದ, ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು