ಅಂಚು ಕತ್ತರಿಸಿದರೆ ಚಿತ್ರ ಕೆಡುತ್ತದೆ

ಸಂಪಾದಕರಿಗೆ,

ಭಾನುವಾರದ ಪುರವಣಿಯಲ್ಲಿ ಫ್ರೆಂಚ್ ಚಿತ್ರಕಾರ ಗುಸ್ತಾವ್ ಕೈಬೊತ್ 1877ರಲ್ಲಿ ಬರೆದ ‘ಪ್ಯಾರಿಸ್ ಬೀದಿ, ಮಳೆಯ ದಿನ’ ಅಚ್ಚಾದದ್ದು ಸಂತೋಷ. ಆದರೆ ಅಂಕಣದ ಅಗಲಕ್ಕೆ ಹೊಂದಿಸಲು ಬಲಬದಿಯನ್ನು ಕತ್ತರಿಸಲಾಗಿದೆ. ಅಲ್ಲಿ ಅರ್ಧ ಮೈ ಮಾತ್ರ ಕಾಣುವ, ನಮಗೆ ಬೆನ್ನು ಮಾಡಿ ಹೊರಟ ಒಬ್ಬನಿದ್ದಾನೆ. ಎದುರು ಬರುವ ಜೋಡಿಯ ಕೊಡೆ ಅವನ ಕೊಡೆಗೆ ಇನ್ನೇನು ತಾಗಬೇಕು. ಫುಟ್‌ಪಾತ್ ಎಷ್ಟು ಇಕ್ಕಟ್ಟು ಎಂದು ತಿಳಿಯುವುದೇ ಅವನಿಂದ. ಅವನನ್ನು ತೆಗೆದರೆ ಆ ಗಂಡು ಹೆಣ್ಣು ಫೋಟೊಗೆ ನಿಂತವರಂತೆ ಕಾಣುತ್ತಾರೆ.

ಚಿತ್ರದ ರಚನೆಯೂ ಸಡಿಲಾಗುತ್ತದೆ. ದೀಪದ ಹಸಿರು ಕಂಬ ಸುಮಾರು ನಟ್ಟನಡುವೆ ನಿಂತು ಚಿತ್ರವನ್ನು ಎರಡು ಮಾಡುತ್ತದೆ: ಎಡಕ್ಕೆ ಪ್ಯಾರಿಸ್‌ನ ಡಬ್ಲಿನ್ ಚೌಕದ ಬಯಲು, ಬಲಕ್ಕೆ ಜನರ ಒತ್ತಡ. ಬಲಬದಿ ಹೋದರೆ ಕಂಬ ಪಕ್ಕಕ್ಕೆ ಸರಿದು ಆ ತೂಕ ತಪ್ಪುತ್ತದೆ. ಸ್ಕೇಲ್ ಅಡ್ಡ ಇಟ್ಟು ನೋಡಿ, ಹತ್ತಿರದವರ ತಲೆಯೂ ದೂರದವರ ತಲೆಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ದೂರವಾದಂತೆ ಮೇಲೇರುವುದು ಪಾದಗಳು.

ಅಡಿಬರಹದಲ್ಲಿ ‘ಧಾರಾಕಾರ ಮಳೆ’ ಎಂದಿದೆ. ಚಿತ್ರದಲ್ಲಿ ಮಳೆಯ ಒಂದು ಗೆರೆಯೂ ಇಲ್ಲ. ಮಳೆ ಇರುವುದು ನೆಲದಲ್ಲಿ: ಕಲ್ಲುಗಳ ಸಂದು ಕಪ್ಪು, ಅವುಗಳ ನೆತ್ತಿಯ ಮೇಲೆ ಆಕಾಶದ ಬಿಳುಪು.

ಆ ಬಿಳುಪು ನಿಮ್ಮ ಅಚ್ಚಿನಲ್ಲಿ ಹಳದಿಯಾಗಿದೆ. ಅದು ಸಂಜೆಬಿಸಿಲಲ್ಲ, ಚಿತ್ರದ ಮೇಲೆ ಬಳಿದಿದ್ದ ಹಳೆಯ ವಾರ್ನಿಷ್. ಚಿತ್ರವಿರುವ ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೊ 2014ರ ಹೊತ್ತಿಗೆ ಅದನ್ನು ತೆಗೆಸಿದ ಮೇಲೆ ಆಕಾಶ ನೀಲಿಬೂದಿಗೆ ಮರಳಿದೆ. ಹಳೆಯ ಪುಸ್ತಕದಿಂದ ಸ್ಕ್ಯಾನ್ ಮಾಡಿದರೆ ಹಳದಿಯೂ ಜೊತೆಗೇ ಬರುತ್ತದೆ. ಮ್ಯೂಸಿಯಂನ ಜಾಲತಾಣದಲ್ಲಿ ಶುಚಿಗೊಳಿಸಿದ ನಂತರದ ಚಿತ್ರ ಉಚಿತವಾಗಿಯೇ ಸಿಗುತ್ತದೆ.

ಮೂಲ ಚಿತ್ರ 212.2 ಸೆಂ.ಮೀ. ಎತ್ತರ, 276.2 ಸೆಂ.ಮೀ. ಅಗಲ, ಹೆಚ್ಚುಕಡಿಮೆ ಏಳಡಿಗೆ ಒಂಬತ್ತಡಿ. ಪುಟದಲ್ಲಿ 16 ಸೆಂ.ಮೀ. ಅಗಲ ಕೊಟ್ಟರೆ ಎತ್ತರ 12.3 ಬೇಕು. ಜಾಗ ಸಾಲದಿದ್ದರೆ ಇಡೀ ಚಿತ್ರವನ್ನೇ ಚಿಕ್ಕದು ಮಾಡಿ. ನ್ಯೂಸ್‌ಪ್ರಿಂಟ್ ಶಾಯಿ ಹೀರುವುದರಿಂದ ಕಪ್ಪು ಕೋಟುಗಳು ಮುದ್ದೆಯಾಗುತ್ತವೆ, ಗಾಢ ಭಾಗವನ್ನು ಮೊದಲೇ ಸ್ವಲ್ಪ ತಿಳಿ ಮಾಡಿಕೊಳ್ಳಬೇಕು. ಬೂದುಬಣ್ಣವನ್ನು ಆದಷ್ಟು ಕಪ್ಪು ಪ್ಲೇಟಿನಿಂದಲೇ, ಅಂದರೆ ಕಪ್ಪು ಶಾಯಿಯ ಅಚ್ಚಿನಿಂದಲೇ, ಕಟ್ಟಿ. ಉಳಿದ ಮೂರು ಬಣ್ಣ ಬೆರೆಸಿದರೆ ಒಂದು ಚೂರು ಹೆಚ್ಚುಕಡಿಮೆಯಾದರೂ ಆಕಾಶದ ಬೂದು ಬೇರೆ ಬಣ್ಣಕ್ಕೆ ತಿರುಗುತ್ತದೆ.

ಮುಂದಿನ ಪುರವಣಿಯಲ್ಲಿ ಇದನ್ನು ಪೂರ್ತಿಯಾಗಿ, ಆ ಅರ್ಧ ಮನುಷ್ಯನ ಸಮೇತ, ಮತ್ತೊಮ್ಮೆ ಪ್ರಕಟಿಸಬೇಕೆಂದು ಕೋರುತ್ತೇವೆ.

– ಚಿತ್ರಕಲಾ ಶಿಕ್ಷಕರು, ಧಾರವಾಡ