ಫೋಟೋ ಹಿಂದೆ ಪೇಪರ್ ಇಡಬೇಡಿ

ಮಾನ್ಯ ಸಂಪಾದಕರೇ,

ಸಾಗರದಲ್ಲಿ ಮೂವತ್ತೊಂದು ವರ್ಷದಿಂದ ಫೋಟೋಗಳಿಗೆ ಕಟ್ಟು ಹಾಕುವ ಕೆಲಸ ನನ್ನದು. ಇವತ್ತಿನ ತಕರಾರು ನಿಮ್ಮ ಪತ್ರಿಕೆಯ ಮೇಲೆ. ಸುದ್ದಿಯ ಬಗ್ಗೆ ಅಲ್ಲ, ಕಾಗದದ ಬಗ್ಗೆ.

ಮೊನ್ನೆ ಒಬ್ಬ ಅಮ್ಮ ತಮ್ಮ ಮದುವೆ ಫೋಟೋ ತಂದಿದ್ದರು. ಹಿಂದಿನ ರಟ್ಟು ಬಿಚ್ಚಿದರೆ ಒಳಗೆ 1978ರ ನಿಮ್ಮ ಪೇಪರ್. ಅಡಿಕೆ ಧಾರಣೆ ಇನ್ನೂ ಓದಲು ಬರುತ್ತಿತ್ತು! ಹಾಳೆ ಮಾತ್ರ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಫೋಟೋದ ಹಿಂಬದಿಯೂ ಅದೇ ಕಂದು. ಆ ಕಟ್ಟು ಹಾಕಿದ್ದು ನನಗೆ ಕೆಲಸ ಕಲಿಸಿದವರು, ಮೂಲೆಯಲ್ಲಿ ಅವರದ್ದೇ ಪೆನ್ಸಿಲ್ ಅಕ್ಷರ ಇತ್ತು. ಶುರುವಿನಲ್ಲಿ ನಾನೂ ಹಾಗೇ ಮಾಡುತ್ತಿದ್ದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ?

ಪೇಪರ್ ಅಚ್ಚಾಗುವ ಕಾಗದದಲ್ಲಿ ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ. ಗಾಳಿ, ಬೆಳಕು ತಾಗಿ ಅದು ಹಳದಿಯಾಗುತ್ತದೆ, ಆಸಿಡ್ ಬಿಡುತ್ತದೆ. ಆ ಆಸಿಡ್ ಪಕ್ಕದ ಫೋಟೋಗೂ ಇಳಿಯುತ್ತದೆ. ಗಾಜಿನ ಒಳಗೆ ಫೋಟೋದ ಸುತ್ತ ಕೂರಿಸುವ ರಟ್ಟು, ಅಂದರೆ ಮೌಂಟ್ ಬೋರ್ಡು, ಅಗ್ಗದ್ದಾದರೆ ಅದೂ ಅಷ್ಟೇ. 2011ರಲ್ಲಿ ಎರಡು ತುಂಡು ಬೋರ್ಡಿಗೆ ತಾರೀಖು ಬರೆದು ಅಂಗಡಿಯ ಕಿಟಕಿ ಪಕ್ಕ ಮೊಳೆಗೆ ಸಿಕ್ಕಿಸಿದ್ದೆ. ಒಂದು ಮಾಮೂಲಿ, ಇನ್ನೊಂದು ಆಸಿಡ್-ಫ್ರೀ. ಮಾಮೂಲಿಯದರಲ್ಲಿ ಓರೆಯಾಗಿ ಕತ್ತರಿಸಿದ ಅಂಚು ಮೂರನೇ ಮಳೆಗಾಲಕ್ಕೆ ಬಿಸ್ಕತ್ತಿನ ಬಣ್ಣಕ್ಕೆ ಬಂತು. ಈಗ ಜೋನಿ ಬೆಲ್ಲದ ಬಣ್ಣ. ಇನ್ನೊಂದು ಇವತ್ತಿಗೂ ಬೆಳ್ಳಗಿದೆ, ನೊಣದ ಚುಕ್ಕಿ ಬಿಟ್ಟರೆ. ಎರಡರ ಮೇಲೂ ಒಂದಿಷ್ಟು ಸೆಲೋ ಟೇಪು ಅಂಟಿಸಿದ್ದೆ. ಪ್ಲಾಸ್ಟಿಕ್ ಪಟ್ಟಿ ತಾನಾಗಿ ಉದುರಿತು, ಅಂಟು ಮಾತ್ರ ಕಂದು ಕಲೆಯಾಗಿ ಬೋರ್ಡಿಗೆ ಇಳಿದಿದೆ. ಏನು ಮಾಡಿದರೂ ಹೋಗುತ್ತಿಲ್ಲ.

ಇನ್ನು ನಮ್ಮ ಮಳೆ ಗೊತ್ತಲ್ಲ. ಫೋಟೋ ಗಾಜಿಗೆ ತಾಗಿದ್ದರೆ ಥಂಡಿಗೆ ಕಚ್ಚಿಕೊಳ್ಳುತ್ತದೆ. ಎಳೆದರೆ ಅಜ್ಜನ ಅರ್ಧ ಮುಖ ಗಾಜಿನಲ್ಲೇ ಉಳಿಯುತ್ತದೆ. ನಡುವೆ ಮೌಂಟ್ ಇದ್ದರೆ ಈ ಕಾಟ ಇಲ್ಲ. ಮೈದಾ ಅಂಟು ಹಾಕಿದ್ದರೆ ಹುಳಗಳಿಗೆ ಹಬ್ಬ. ಇರಚಲು ಹೊಡೆಯುವ ಗೋಡೆಗೆ ನೇತು ಹಾಕಲೇಬೇಕು ಅಂತಿದ್ದರೆ ಫ್ರೇಮಿನ ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ಬೂಚಿನ ತುಂಡು ಅಂಟಿಸಿ. ಗಾಳಿಯಾಡುತ್ತದೆ.

ಆಸಿಡ್-ಫ್ರೀ ಬೋರ್ಡಿಗೆ ದುಡ್ಡು ಜಾಸ್ತಿ, ನಿಜ. 'ಹಿಂದೆ ಯಾರು ನೋಡ್ತಾರೆ ಬಿಡಿ' ಅನ್ನುವ ಗಿರಾಕಿಗಳೇ ಹೆಚ್ಚು. ಮನೆಯಲ್ಲಿ ಹಳೇ ಫೋಟೋ ಇರುವವರು ಈ ಮಳೆಗಾಲದೊಳಗೆ ಒಮ್ಮೆ ಬಿಚ್ಚಿಸಿ ನೋಡಲಿ ಅಂತ ಇಷ್ಟು ಬರೆದೆ.

ಆ 1978ರ ಹಾಳೆಯನ್ನು ಎರಡು ಗಾಜಿನ ನಡುವೆ ಇಟ್ಟಿದ್ದೇನೆ. ಬೇಕಿದ್ದರೆ ತಿಳಿಸಿ, ಕಳಿಸುತ್ತೇನೆ.

– ಫ್ರೇಮ್ ಕೆಲಸದವ, ಸಾಗರ