ಚೀಟಿ ಓದದೆ ಕಾಯಿಲೆ ಸಾರುವವರು

ಮಾನ್ಯ ಸಂಪಾದಕರೇ,

ಹಳೆ ಮದ್ದುಗಳನ್ನು ಬೇರೆ ಕಾಯಿಲೆಗೂ ಬಳಸುವ ಬಗ್ಗೆ ಭಾನುವಾರ ನೀವು ಹಾಕಿದ ವರದಿ ಚೆನ್ನಾಗಿತ್ತು. ಅದನ್ನು ಕತ್ತರಿಸಿ ನಮ್ಮ ಪೇಟೆಯ ಮದ್ದಿನಂಗಡಿಯ ಗೋಡೆಗೆ ಅಂಟಿಸಬೇಕು ಅಂತ ನಿನ್ನೆ ಸಂಜೆಯಿಂದ ಅನಿಸುತ್ತಿದೆ.

ನನ್ನ ಹೆಂಡತಿಗೆ ವ್ಯಾಸ್ಕುಲೈಟಿಸ್. ರಕ್ತನಾಳಗಳಿಗೇ ಉರಿಯೂತ ಬರುವ ಕಾಯಿಲೆ. ಅವಳದ್ದು ಸದ್ಯ ಚರ್ಮದಲ್ಲೇ ಇದೆ. ಮೊಣಕಾಲಿನ ಕೆಳಗೆ ನೇರಳೆ ಕಲೆಗಳು, ಒತ್ತಿದರೂ ಬಣ್ಣ ಮಾಸುವುದಿಲ್ಲ. ಕೆಲವು ಒಡೆದು ಹುಣ್ಣಾಗುತ್ತವೆ. ಮೊದಲು ಸ್ಟಿರಾಯ್ಡ್ ಕೊಟ್ಟರು. ಕಲೆ ಇಳಿಯಿತು, ಮುಖ ಊದಿತು, ಶುಗರ್ ಏರಿತು. ಆಮೇಲೆ ಮಂಗಳೂರಿನ ಡಾಕ್ಟರು ಮದ್ದು ದೇಹಕ್ಕೆ ಒಗ್ಗುತ್ತದೋ ಅಂತ ನೋಡುವ ಜಿ6ಪಿಡಿ ರಕ್ತಪರೀಕ್ಷೆ ಮಾಡಿಸಿ ಡ್ಯಾಪ್ಸೋನ್ ಬರೆದರು. ಹೌದು, ಕುಷ್ಠರೋಗಕ್ಕೆ ಕೊಡುವ ಮಾತ್ರೆಯೇ. ಉರಿಯೂತ ತಗ್ಗಿಸುವ ಗುಣವೂ ಅದಕ್ಕುಂಟು. ಈಗ ಸ್ಟಿರಾಯ್ಡ್ ತುಂಬಾ ಕಡಿಮೆಯಾಗಿದೆ. ಒಲೆ ಮುಂದೆ ನಿಂತರೆ ಕಾಲು ಸಿಡಿಯುತ್ತಿದ್ದವಳು ಈಗ ಮನೆಯವರಿಗೆಲ್ಲ ದೋಸೆ ಹೊಯ್ದು ಮುಗಿಸುತ್ತಾಳೆ. ನಮಗೆ ಅಷ್ಟು ಸಾಕು.

ನಿನ್ನೆ ಆ ಮಾತ್ರೆ ತರಲು ಹೋದೆ. ಅಂಗಡಿಯ ಹುಡುಗ ಚೀಟಿ ನೋಡಿ, ರಸ್ತೆಯಾಚೆ ಬಸ್ಸಿಗೆ ಕಾಯುವವರಿಗೂ ಕೇಳುವ ಹಾಗೆ, "ಅಣ್ಣಾ, ಇದು ಕುಷ್ಠದ ಮದ್ದಲ್ವಾ? ಮನೆಯಲ್ಲಿ ಯಾರಿಗೆ?" ಅಂದ. ನಮ್ಮಲ್ಲಿಗೇ ಅಡಿಕೆ ಸುಲಿಯಲು ಬರುವ ಒಬ್ಬರು ಪಕ್ಕದಲ್ಲಿದ್ದರು. ಕೌಂಟರಿನ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. ಇಷ್ಟು ವಿಚಾರಣೆ ಮಾಡಿದ ಮಹಾಶಯ ಕೊನೆಗೆ ಹೇಳಿದ್ದೇನು? ಸ್ಟಾಕ್ ಇಲ್ಲವಂತೆ! ಕುಷ್ಠವೇ ಆಗಿದ್ದರೂ ಏನಾಯಿತು ಸ್ವಾಮಿ? ಅದೂ ಮದ್ದಿನಿಂದ ಗುಣವಾಗುವ ಕಾಯಿಲೆ.

ಅಂಗಡಿಯ ಹುಡುಗನನ್ನು ಬಿಡಿ, ಸರ್ಕಾರಿ ಕಚೇರಿಯವರು ಓದಿದವರಲ್ವಾ? ಚಿಕಿತ್ಸೆಯ ಸಹಾಯಧನಕ್ಕೆ ಅರ್ಜಿ ಹಾಕಿದರೆ, "ಕುಷ್ಠ ಇಲ್ಲದಿದ್ದರೆ ಈ ಬಿಲ್ ಯಾಕೆ ಇಟ್ಟಿದ್ದೀರಿ?" ಅಂತ ವಾಪಸ್ ಮಾಡಿದರು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದಲ್ವಾ, ಅರ್ಜಿ ಮಲಯಾಳಂನಲ್ಲಿ ಮಾತ್ರ. ಕನ್ನಡದ್ದು ಕೊಡಿ ಅಂದರೆ ಮುಗಿದಿದೆ ಅನ್ನುತ್ತಾರೆ. ಯಾವಾಗ ಅಚ್ಚಾಗಿತ್ತು, ಯಾವಾಗ ಮುಗಿಯಿತು, ದೇವರಿಗೇ ಗೊತ್ತು.

ನಿಮ್ಮ ವರದಿಯಲ್ಲಿ ಒಂದು ಮಾತು ಬಿಟ್ಟುಹೋಗಿದೆ. ರಿಟುಕ್ಸಿಮ್ಯಾಬ್ ಅನ್ನುವ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 1997ರಲ್ಲಿ ಲಿಂಫೋಮಾ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು, 2011ರಲ್ಲಿ ವ್ಯಾಸ್ಕುಲೈಟಿಸ್‌ನ ಎರಡು ಬಗೆಗಳಿಗೂ ಸಿಕ್ಕಿತು. ಅದು ದುಬಾರಿ ಮದ್ದು, ಬೆನ್ನಿಗೆ ಕಂಪನಿ ಇತ್ತು. ಡ್ಯಾಪ್ಸೋನ್, ಗೌಟ್ ಅನ್ನುವ ಕೀಲುನೋವಿಗೆ ಕೊಡುವ ಕೊಲ್ಚಿಸಿನ್ ಇವೆಲ್ಲ ಅಗ್ಗದ ಹಳೆ ಮಾತ್ರೆಗಳು. ಇವುಗಳ ಲೇಬಲ್ಲಿಗೆ ಇನ್ನೊಂದು ಕಾಯಿಲೆಯ ಹೆಸರು ಸೇರಿಸಲು ಯಾರು ದುಡ್ಡು ಸುರಿಯುತ್ತಾರೆ? ಡಾಕ್ಟರ ಚೀಟಿಯೇ ನಮಗೆ ಗತಿ. ಅದನ್ನೇ ಯಾರೂ ಓದುವುದಿಲ್ಲ.

ಈ ಮಾತ್ರೆ ತಿನ್ನುವವರಿಗೆ ಆಗಾಗ ರಕ್ತಪರೀಕ್ಷೆ ಬೇಕು, ರಕ್ತ ಕಡಿಮೆಯಾಗುವ ಭಯ ಇರುತ್ತದೆ. ಅದಕ್ಕೆ ಕುಂಬಳೆಯಲ್ಲಿ ಬಸ್ಸು ಬದಲಿಸಿ ಮಂಗಳೂರಿಗೇ ಹೋಗುತ್ತೇವೆ. ಇಲ್ಲೇ ಹತ್ತಿರದ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಅಡಿಗಲ್ಲು ಹಾಕಿದ್ದರು. ಭಾಷಣ ಕೇಳಿ ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೆವು. 2020ರಲ್ಲಿ ಕೊರೋನಾ ಅಂತ ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರೂ ಇಲ್ಲ, ಇಲ್ಲಿಯದ್ದೂ ಇಲ್ಲ ಅಂತಾಗಿ ಜೀವ ಹೋದವರಿದ್ದಾರೆ. ಆಗಲೂ ಎರಡೂ ಕಡೆಯವರು ಪತ್ರ, ಕೋರ್ಟು ಅಂತ ಓಡಾಡಿದರು, ಅಷ್ಟೇ. ಚುನಾವಣೆ ಬಂದರೆ ಮಾತ್ರ ಎಲ್ಲರಿಗೂ ಕನ್ನಡ ಬರುತ್ತದೆ, ನಮ್ಮ ಮನೆಯ ದಾರಿಯೂ ಗೊತ್ತಾಗುತ್ತದೆ.

ಡ್ರಗ್ಸ್ ಕಂಟ್ರೋಲ್‌ನವರು ಮದ್ದಿನಂಗಡಿಗಳಿಗೆ ಬುದ್ಧಿ ಹೇಳಬೇಕು, ಇಲ್ಲದಿದ್ದರೆ ಲೈಸೆನ್ಸ್ ಕಿತ್ತುಕೊಳ್ಳಬೇಕು. ಕಚೇರಿಗಳಲ್ಲಿ ಕನ್ನಡದ ಅರ್ಜಿ ಇಡಬೇಕು. ಜಿಲ್ಲಾಧಿಕಾರಿಗಳು ಏನಾದರೂ ಮಾಡಲಿ, ಆಗದಿದ್ದರೆ ಆಗುವುದಿಲ್ಲ ಅಂತ ಬೋರ್ಡಾದರೂ ಹಾಕಲಿ. ಅದನ್ನೂ ಮಲಯಾಳಂನಲ್ಲಿ ಮಾತ್ರ ಹಾಕಿಯಾರು!

– ನೊಂದ ಓದುಗ, ಬದಿಯಡ್ಕ